ಹವ್ಯಾಸಿಯ ಮೊಣಕಾಲು

ಉತ್ತರ ಕನ್ನಡ ಜಿಲ್ಲೆಗೆ ಸರ್ವಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂಬ ಕೂಗು ಇಂದು ನಿನ್ನೆಯದಲ್ಲ. ೨೦೨೨ರ ಜುಲೈ ತಿಂಗಳಿನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯ ಕಡೆಗೆ ಧಾವಿಸುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಕಟ್ಟೆಯ ಬಳಿ ಮಗುಚಿ ನಾಲ್ವರು ಅಸುನೀಗಿದ ಬಳಿಕ ಆ ಕೂಗಿಗೆ ಹೊಸ ಕಾವು ಬಂದಿತು. ಸುಮಾರು ೧೦,೦೦೦ ಚದರ ಕಿಲೋಮೀಟರು ಹರಹಿನ, ೨೦೧೧ರ ಗಣತಿಯಲ್ಲೇ ೧೪ ಲಕ್ಷಕ್ಕೂ ಮಿಕ್ಕ ಜನರಿದ್ದ ಜಿಲ್ಲೆಯವರು ಪ್ರಾಣಾಪಾಯದ ಹೊತ್ತಿನಲ್ಲಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳ ದಾರಿ ಹಿಡಿಯಬೇಕಾದುದು ನ್ಯಾಯವಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ವಾದವನ್ನು ಮತ್ತೊಮ್ಮೆ ಹೂಡುವುದು ಈ ಲೇಖನದ ಉದ್ದೇಶವಲ್ಲ. ಅದರ ನಡುವೆ ಯಾರ ಕಣ್ಣಿಗೂ ಬೀಳದೆ ಕುಂಟುತ್ತ ಹೋಗುವ ಒಬ್ಬನುಂಟು. ಅವನಿಗೆ ಪ್ರಾಣಾಪಾಯವಿಲ್ಲ; ಆದುದರಿಂದ ಅವನು ಸುದ್ದಿಯೂ ಅಲ್ಲ. ಆಟವಾಡಿ ಮೊಣಕಾಲು ಕೆಡಿಸಿಕೊಂಡ ಹಳ್ಳಿಯ ಹವ್ಯಾಸಿ ಅವನು.

‘ಹವ್ಯಾಸಿ’ ಎಂಬ ಮಾತನ್ನು ನಾವು ಹಗುರವಾಗಿಯೇ ಬಳಸುತ್ತೇವೆ. ಬಿಡುವಿನ ವೇಳೆಯಲ್ಲಿ ಮನಸ್ಸಿನ ಸಂತೋಷಕ್ಕಾಗಿ ಏನನ್ನೋ ಮಾಡುವವನು ಎಂಬುದು ಕನ್ನಡದಲ್ಲಿ ಅದರ ಅರ್ಥ. ನೆರೆಯ ಮರಾಠಿಯಲ್ಲಿ ‘ಹವ್ಯಾಸ’ವೆಂದರೆ ತೀರದ ಆಸೆ, ಹಪಹಪಿ. ಶಿರಸಿ ತಾಲ್ಲೂಕಿನ ಮೂಡಣ ಅಂಚಿನ ಕಬಡ್ಡಿ ಆಟಗಾರರನ್ನು ಬಲ್ಲವರು ಮರಾಠಿಯ ಅರ್ಥವೇ ಅವರಿಗೆ ಹೆಚ್ಚು ಒಪ್ಪುತ್ತದೆಂದು ಹೇಳಿಯಾರು.

ದಾಸನಕೊಪ್ಪ, ಬದನಗೋಡ, ಬನವಾಸಿಗಳ ಈ ಸೀಮೆ ದಟ್ಟ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಭತ್ತ, ಗೋವಿನಜೋಳ, ಅನಾನಸು, ಈಚೀಚೆಗೆ ಅಡಕೆ. ಸುಗ್ಗಿ ಮುಗಿದು ಗದ್ದೆ ಬರಿದಾದೊಡನೆ ಊರೂರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ಆರಂಭವಾಗುತ್ತವೆ. (ಇಂಗ್ಲಿಷಿನ ‘ಫ್ಲಡ್‌ಲೈಟ್’ ಎಂಬುದನ್ನು ಪದಶಃ ಕನ್ನಡಿಸಿದ ಈ ಪತ್ರಿಕಾಭಾಷೆ ಹಳ್ಳಿಯ ಬ್ಯಾನರುಗಳಲ್ಲಿ ನೆಲೆಯೂರಿರುವುದನ್ನು ಕಂಡಾಗ ಕನ್ನಡ ಮೇಷ್ಟರಿಗೆ ಸಂತೋಷವಾಗದೆ ಇರದು.) ಅಲ್ಲಿ ಆಡುವವರು ಯಾರು? ಹಗಲು ಟ್ರ್ಯಾಕ್ಟರ್ ಹೊಡೆಯುವವನು, ಅನಾನಸಿನ ಹೊಲದಲ್ಲಿ ಕೂಲಿಗೆ ಹೋಗುವವನು, ಗ್ಯಾರೇಜಿನ ಹುಡುಗ, ನನ್ನಂಥವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುವ ವಿದ್ಯಾರ್ಥಿ. ಆ ತೂಕಡಿಕೆಯ ಕಾರಣ ನನಗೆ ಗೊತ್ತು. ಹಿಂದಿನ ರಾತ್ರಿ ಮೂರು ಗಂಟೆಗೆ ಸೆಮಿಫೈನಲ್ ಮುಗಿದಿರುತ್ತದೆ.

ಕಬಡ್ಡಿ ನೋಡುವವರಿಗೆ ಬಲದ ಆಟದಂತೆ ಕಂಡರೂ ಅದು ನಿಜವಾಗಿ ತಿರುವಿನ ಆಟ. ಎದುರಾಳಿಯ ಅಂಕಣಕ್ಕೆ ನುಗ್ಗಿದವನಿಗೆ ದೊರೆಯುವುದು ಮೂವತ್ತೇ ಸೆಕೆಂಡು. ಮುನ್ನುಗ್ಗುವ ದೇಹ ಒಮ್ಮೆಗೇ ನಿಂತು, ಹೊರಳಿ, ಹಿಂದಕ್ಕೆ ಜಿಗಿಯಬೇಕು. ಅದೇ ಕ್ಷಣದಲ್ಲಿ ಯಾರೋ ಪಾದ ಹಿಡಿದಿರುತ್ತಾರೆ. ಪಾದ ನೆಲದಲ್ಲಿ, ದೇಹ ಗಾಳಿಯಲ್ಲಿ, ನಡುವೆ ಮೊಣಕಾಲು. ಆ ಕೀಲಿನ ಒಳಗೆ ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟುವ ಎರಡು ಕಟ್ಟುಗಳಿವೆ. ಮುಂದಿನದು ಹರಿಯುವುದು ಈ ತಿರುವಿನಲ್ಲೇ. ‘ಟಪ್’ ಎಂದು ಸದ್ದಾಯಿತು ಎಂದು ಪೆಟ್ಟು ತಿಂದವರು ಹೇಳುವುದುಂಟು. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಳ್ಳುತ್ತದೆ.

ಇಲ್ಲಿಂದ ಮುಂದಿನ ಕಥೆಯಲ್ಲಿ ಭಾಷೆಯ ಪಾತ್ರವೂ ಇದೆ. ಆ ಕಟ್ಟಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಅಸ್ಥಿರಜ್ಜು’ ಎಂಬ ಹೆಸರಿದೆ. ಅದನ್ನು ಅಂಗಳದಲ್ಲಿ ಉಚ್ಚರಿಸಿದವನನ್ನು ನಾನು ಕಂಡಿಲ್ಲ. ಜನರ ಬಾಯಲ್ಲಿ ಮುರಿಯದೆ ಇದ್ದ ಪೆಟ್ಟೆಲ್ಲ ‘ಉಳುಕು’. ಉಳುಕಿಗೆ ಎಣ್ಣೆ ನೀವುವುದುಂಟು, ಪಟ್ಟಿ ಕಟ್ಟುವುದುಂಟು, ಉಳುಕು ತೆಗೆಯುವವರಿದ್ದಾರೆ. ಹತ್ತಿರದ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರೆ ಎಲುಬು ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಹರಿದದ್ದು ಎಲುಬಲ್ಲ. ಎರಡು ಮೂರು ವಾರಗಳಲ್ಲಿ ಊತವಿಳಿದು ನಡಿಗೆ ಸರಿಹೋಗುತ್ತದೆ. ಉಳುಕು ವಾಸಿಯಾಯಿತೆಂದು ಎಲ್ಲರೂ ನಂಬುತ್ತಾರೆ. ಮತ್ತೆ ಅಂಕಣಕ್ಕೆ ಇಳಿದಾಗ ಮೊಣಕಾಲು ತಪ್ಪಿ ಹೋಗುತ್ತದೆ. ಈ ಎರಡನೆಯ ಪೆಟ್ಟಿನಲ್ಲಿ ಕೀಲಿನ ನಡುವಣ ಮೆತ್ತೆಯೂ ಹರಿಯುವ ಭಯವುಂಟು. ಎಂ.ಆರ್.ಐ. ಚಿತ್ರದ ಮಾತು ಬರುವುದು ಆಗ. ಉಳುಕು ಎಂಬ ಒಂದು ಪದಕ್ಕೆ ಇಷ್ಟು ಬೆಲೆ ತೆರುತ್ತಿದ್ದೇವೆ.

ವೃತ್ತಿಪರ ಆಟಗಾರನ ಮೊಣಕಾಲಿನ ಚರಿತ್ರೆ ಬೇರೆ. ೨೦೨೨ರ ಅಕ್ಟೋಬರ್ ತಿಂಗಳಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿಯ ಒಂಬತ್ತನೆಯ ಆವೃತ್ತಿ ನಡೆಯುತ್ತಿದ್ದಾಗ, ಹಿಂದೆ ಬೆಂಗಳೂರು ಬುಲ್ಸ್ ತಂಡದ ಕಣ್ಮಣಿಯಾಗಿದ್ದ ಪವನ್ ಸೆಹ್ರಾವತ್ ಹೊಸ ತಂಡವಾದ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದರು. ೨ ಕೋಟಿ ೨೬ ಲಕ್ಷ ರೂಪಾಯಿಗೆ ಹರಾಜಾಗಿದ್ದ ಆಟಗಾರ ಆ ವರ್ಷವಿಡೀ ಮತ್ತೆ ಆಡಲಿಲ್ಲ. ಮರುವರ್ಷ ಅದೇ ತಿಂಗಳಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ನಾಯಕನಾಗಿ ಚಿನ್ನ ಗೆದ್ದು ಬಂದರು. ಮುಂದಿನ ಹರಾಜಿನಲ್ಲಿ ಅವರ ಬೆಲೆ ೨ ಕೋಟಿ ೬೦ ಲಕ್ಷವನ್ನು ದಾಟಿತು. ಇದರಲ್ಲಿ ಆ ವ್ಯಕ್ತಿಯ ಛಲ ದೊಡ್ಡದು, ನಿಸ್ಸಂದೇಹ. ಆದರೆ ಪೆಟ್ಟಾದ ಮೇಲಿನ ತಿಂಗಳುಗಳಲ್ಲಿ ಅವರ ಕೆಲಸವೇ ಮೊಣಕಾಲನ್ನು ಗುಣಪಡಿಸಿಕೊಳ್ಳುವುದಾಗಿತ್ತೆಂಬುದನ್ನು ಮರೆಯಬಾರದು. ದಾಸನಕೊಪ್ಪದ ಹುಡುಗನಿಗೆ ಬೇರೆ ಕೆಲಸವಿದೆ.

ಶಸ್ತ್ರಕ್ರಿಯೆಯ ವಿಷಯಕ್ಕೆ ಬರೋಣ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಅವನದೇ ದೇಹದ ಒಂದು ಎಳೆಯನ್ನು ತೆಗೆದು, ಎಲುಬಿನಲ್ಲಿ ಸುರಂಗ ಕೊರೆದು, ಹರಿದ ಕಟ್ಟಿನ ಜಾಗದಲ್ಲಿ ಬಿಗಿಯುತ್ತಾರೆ. ದುರ್ಬೀನಿನ ಸಹಾಯದಿಂದ, ಸಣ್ಣ ತೂತುಗಳ ಮೂಲಕ ನಡೆಯುವ ಕೆಲಸ. ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ವೆಚ್ಚದ ವಿಷಯದಲ್ಲೂ ಹಿಂದಿನಷ್ಟು ನಿರಾಶೆಪಡಬೇಕಾಗಿಲ್ಲ. ೨೦೧೮ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಸಹಕಾರಿಗಳಿಗಾಗಿ ೨೦೦೩ರಲ್ಲಿ ಕಾರ್ಯಾರಂಭ ಮಾಡಿ, ೨೦೧೮ರಲ್ಲಿ ಅದರೊಳಗೆ ಲೀನವಾಗಿದ್ದ ಯಶಸ್ವಿನಿಯನ್ನು ೨೦೨೨ರಲ್ಲಿ ಮತ್ತೆ ಎಬ್ಬಿಸಿದ್ದಾರೆ. ಸಹಕಾರ ಸಂಘಗಳೇ ಉಸಿರಾಗಿರುವ ಶಿರಸಿ ಸೀಮೆಗೆ ಇದು ಸಣ್ಣ ಮಾತಲ್ಲ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪಡೆಯಬೇಕು. ಹರಿದ ಕಟ್ಟು ಎಂದೂ ತುರ್ತಲ್ಲ. ಆದುದರಿಂದ ಓಡಾಟ ತಪ್ಪದು. ಇರಲಿ, ಅದನ್ನೂ ಸಹಿಸಬಹುದು.

ಸಹಿಸಲಾಗದ ಭಾಗ ಆರಂಭವಾಗುವುದು ಮನೆಗೆ ಬಂದ ಮೇಲೆ. ಹೊಸ ಎಳೆ ಕಟ್ಟಾಗಿ ಬೆಳೆಯಲು ಕಾಲ ಬೇಕು. ವಿಚಿತ್ರವೆಂದರೆ ಅದು ಮೊದಲು ದುರ್ಬಲವಾಗುತ್ತ ಹೋಗಿ ಆಮೇಲೆ ಬಲಗೊಳ್ಳುತ್ತದೆ. ಎರಡು ಮೂರು ತಿಂಗಳ ಹೊತ್ತಿಗೆ ನೋವಿಲ್ಲ, ಊತವಿಲ್ಲ, ಹುಡುಗನಿಗೆ ಕಾಲು ಸರಿಹೋಯಿತೆನ್ನಿಸುತ್ತದೆ. ಒಳಗೆ ಎಳೆ ಅತ್ಯಂತ ಬಲಹೀನವಾಗಿರುವುದು ಸುಮಾರು ಆಗಲೇ. ಒಂಬತ್ತು ತಿಂಗಳಿಗೆ ಮುನ್ನ ಇಂಥ ಆಟಕ್ಕೆ ಇಳಿಯಬಾರದೆಂಬುದು ಇಂದು ವೈದ್ಯರು ಸಾಮಾನ್ಯವಾಗಿ ಒಪ್ಪಿರುವ ಮಾತು. ಆ ಒಂಬತ್ತು ತಿಂಗಳೂ ಬರಿಯ ವಿಶ್ರಾಂತಿಯಲ್ಲ. ತೊಡೆಯ ಸ್ನಾಯುಗಳಿಗೆ ದಿನನಿತ್ಯ ವ್ಯಾಯಾಮ, ಅದನ್ನು ನೋಡಿ ತಿದ್ದುವ ಭೌತಚಿಕಿತ್ಸಕರು, ಹಂತ ಹಂತದ ಪರೀಕ್ಷೆ.

ನಮ್ಮ ಸಮಾಜಕ್ಕೆ ಒಂಬತ್ತು ತಿಂಗಳ ಕಾಯುವಿಕೆ ಗೊತ್ತಿಲ್ಲದ್ದಲ್ಲ. ಬಸುರಿಗೆ ಏನು ತಿನ್ನಿಸಬೇಕು, ಯಾವ ಭಾರ ಹೊರಿಸಬಾರದು, ಎಂದು ತವರಿಗೆ ಕರೆಯಬೇಕು, ಎಲ್ಲಕ್ಕೂ ಒಂದು ಕ್ರಮವಿದೆ. ಅಜ್ಜಿಯರಿಗೆ ಅದು ಬಾಯಿಪಾಠ. ಮೊಣಕಾಲಿನ ಒಂಬತ್ತು ತಿಂಗಳಿಗೆ ಯಾವ ಕ್ರಮವೂ ಇಲ್ಲ. ಹುಡುಗ ನಡೆಯುತ್ತಾನೆ, ಆದುದರಿಂದ ಕೆಲಸ ಮಾಡಬಲ್ಲ. ಬೇಸಾಯದ ಪಂಚಾಂಗವೂ ಅವನಿಗೆ ಅನುಕೂಲವಲ್ಲ. ಜನವರಿಯಲ್ಲಿ ಪೆಟ್ಟಾಯಿತೆನ್ನಿ, ಎಣ್ಣೆ ಪಟ್ಟಿಗಳಲ್ಲಿ ಮಾರ್ಚ್ ಕಳೆಯುತ್ತದೆ, ಚಿತ್ರ, ಶಿಫಾರಸು, ಸರದಿ ಎಂದು ಮೇ ಬರುತ್ತದೆ. ಆಗ ಶಸ್ತ್ರಕ್ರಿಯೆಯಾದರೆ ಬಿತ್ತನೆ, ನಾಟಿ, ಕಳೆ ಎಲ್ಲವೂ ಆ ಎಳೆಯ ದುರ್ಬಲ ದಿನಗಳಲ್ಲೇ ಬಂದು ಬೀಳುತ್ತವೆ. ಕೆಸರಿನಲ್ಲಿ ಕಾಲು ಹೂತು ಮೈ ತಿರುಗಿಸುವುದು ಅಂಕಣದ ತಿರುವಿಗಿಂತ ಬಹಳ ಭಿನ್ನವೇನಲ್ಲ. ಡಿಸೆಂಬರಿಗೆ ಪಂದ್ಯಾವಳಿಯ ಬ್ಯಾನರು ಏರಿದಾಗ ಏಳೇ ತಿಂಗಳು! ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಇವು ನಮ್ಮಲ್ಲಿ ವ್ಯಾಯಾಮಗಳಲ್ಲ, ದಿನಚರಿ. ಅವನ್ನು ಎಂದು ಆರಂಭಿಸಬೇಕೆಂಬುದೂ ಅವನ ಕೈಗಿತ್ತ ಚೀಟಿಯಲ್ಲಿ ಇರುವುದು ಅಪರೂಪ.

ಹಾಗಾದರೆ ಶಸ್ತ್ರಕ್ರಿಯೆ ಮಾಡಿಸಲೇಬೇಕೆ? ೨೦೧೦ರಲ್ಲಿ ಸ್ವೀಡನ್ನಿನ ವೈದ್ಯರು ೧೨೧ ಮಂದಿ ತರುಣ ತರುಣಿಯರ ಮೇಲೆ ನಡೆಸಿದ ಪರೀಕ್ಷೆಯೊಂದರ ಫಲವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಆರಂಭದಲ್ಲೇ ಶಸ್ತ್ರಕ್ರಿಯೆ ಮತ್ತು ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆಂದವರಿಗೆ ಮಾತ್ರ ಆಮೇಲೆ ಶಸ್ತ್ರಕ್ರಿಯೆ. ಎರಡು ವರ್ಷಗಳ ಬಳಿಕ ಎರಡೂ ಗುಂಪಿನವರ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಎರಡನೆಯ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಕತ್ತಿಯ ಗೊಡವೆಯಿಲ್ಲದೆಯೇ ನಡೆಸಿಕೊಂಡು ಹೋಗಿದ್ದರು. ವೃತ್ತಿಪರ ಆಟಗಾರರನ್ನು ಆ ಪರೀಕ್ಷೆಯಿಂದ ಹೊರಗಿಟ್ಟಿದ್ದರೆಂಬುದು ಗಮನಾರ್ಹ. ಎಂದರೆ ಇದು ಹವ್ಯಾಸಿಗಳ ವಿಷಯದಲ್ಲೇ ಹೇಳಿದ ಮಾತು. ಆದರೆ ಇದನ್ನು ಓದಿ ನಮ್ಮ ಬಡವ ಸಮಾಧಾನಪಡುವಂತಿಲ್ಲ. ಅಲ್ಲಿ ಎರಡೂ ಗುಂಪಿಗೆ ಸಮಾನವಾಗಿ ದೊರೆತದ್ದು ನೋಡಿಕೊಂಡು ಮಾಡಿಸಿದ ವ್ಯಾಯಾಮ. ನಮ್ಮಲ್ಲಿ ಶಸ್ತ್ರಕ್ರಿಯೆಗಾದರೂ ಯೋಜನೆಯುಂಟು, ಆಸ್ಪತ್ರೆಯುಂಟು. ಸಮಾನವಾಗಿ ಇಲ್ಲದಿರುವುದು ಆ ವ್ಯಾಯಾಮವೇ. ಕತ್ತಿಯೂ ಇಲ್ಲದೆ ವ್ಯಾಯಾಮವೂ ಇಲ್ಲದೆ ಇರುವುದನ್ನು ಯಾವ ದೇಶದ ವೈದ್ಯರೂ ಚಿಕಿತ್ಸೆಯೆಂದು ಕರೆದಿಲ್ಲ.

ಬೇರೆ ಆಟವೊಂದರ ಮಾತು ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನಲ್ಲಿ ೧೮೭೬ರಿಂದ ಗಾಲ್ಫ್ ಕ್ಲಬ್ಬೊಂದಿದೆ. ಆ ಆಟ ನಮ್ಮ ಹಳ್ಳಿಗರದಲ್ಲ, ಆಗುವ ಸಂಭವವೂ ಇಲ್ಲ. ಆದರೆ ಅದರಲ್ಲಿ ಹವ್ಯಾಸಿಯನ್ನು ಕುರಿತ ಒಂದು ವಿವೇಕವಿದೆ. ಪ್ರತಿಯೊಬ್ಬನ ಸಾಮರ್ಥ್ಯವನ್ನು ಅಳೆದು ‘ಹ್ಯಾಂಡಿಕ್ಯಾಪ್’ ಎಂಬ ಸಂಖ್ಯೆಯನ್ನು ಕೊಡುತ್ತಾರೆ. ಇಂದಿನ ಕ್ರಮದಲ್ಲಿ ಅದು ೫೪ರವರೆಗೆ ಹೋಗಬಹುದು. ಭುಜಕ್ಕೋ ಮೊಣಕಾಲಿಗೋ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವನ ಆಟ ಕುಗ್ಗಿದರೆ ಆ ಸಂಖ್ಯೆ ಏರುತ್ತದೆ, ಅವನು ಮೊದಲಿನ ಗೆಳೆಯರೊಡನೆಯೇ ಸಮನಾಗಿ ಆಡುತ್ತಾನೆ. ಕಬಡ್ಡಿಯಲ್ಲಿ ಇದಕ್ಕೆ ಅವಕಾಶವಿಲ್ಲ. ಕಬಡ್ಡಿಗೂ ಅದರದೇ ಕರುಣೆಯುಂಟೆನ್ನಿ. ‘ಸಂಜೀವಿನಿ’ ಎಂಬ ಕ್ರಮದಲ್ಲಿ ಔಟಾಗಿ ಹೊರಗೆ ಕುಳಿತವನಿಗೆ ತನ್ನ ತಂಡ ಅಂಕ ಗಳಿಸಿದೊಡನೆ ಮತ್ತೆ ಜೀವ ಬರುತ್ತದೆ. ಕಟ್ಟು ಹರಿದು ಕುಳಿತವನಿಗೆ ಮಾತ್ರ ತಂಡ ಎಷ್ಟು ಅಂಕ ಗಳಿಸಿದರೂ ಜೀವ ಬರುವುದಿಲ್ಲ. ಅವನ ಜಾಗಕ್ಕೆ ಹದಿನೆಂಟರ ಇನ್ನೊಬ್ಬ ಬಂದಿರುತ್ತಾನೆ. ಆಗ ಹುಡುಗನಿಗೆ ಹೋಗುವುದು ಕಾಲಷ್ಟೇ ಅಲ್ಲ. ಸಂಜೆ ಎಲ್ಲಿಗೆ ಹೋಗಬೇಕೆಂಬುದೇ ಅವನಿಗೆ ತೋಚದಾಗುತ್ತದೆ. ಇಂಥವರು ಒಂಬತ್ತನೆಯ ತಿಂಗಳವರೆಗೆ ಕಾಯದೆ ಐದರಲ್ಲೇ ಅಂಕಣಕ್ಕೆ ಇಳಿಯುವುದನ್ನು ‘ಹುಚ್ಚು’ ಎಂದು ಬೈಯುವವರು ಇದನ್ನೂ ಎಣಿಸಬೇಕು.

ಹುಡುಗಿಯರ ಸಂಗತಿ ಇನ್ನೂ ಜಟಿಲ. ಇಂಥ ತಿರುವಿನ ಆಟಗಳಲ್ಲಿ ಈ ಕಟ್ಟು ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂಬುದು ಸಿದ್ಧವಾಗಿರುವ ವಿಷಯ. ನನ್ನ ವಿದ್ಯಾರ್ಥಿನಿಯೊಬ್ಬಳು, ದಾಸನಕೊಪ್ಪದ ಕಡೆಯವಳು, ಅಂತರಕಾಲೇಜು ಪಂದ್ಯದಲ್ಲಿ ಬಿದ್ದಳು. ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿ ಬೆಳೆದವಳು ಅಂದು ಬೂಟು ತೊಟ್ಟು ಮ್ಯಾಟಿನ ಮೇಲೆ ಆಡಿದ್ದಳು. ಮ್ಯಾಟು ಪಾದವನ್ನು ಮಣ್ಣಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಶಸ್ತ್ರಕ್ರಿಯೆಯ ಮಾತು ಬಂದಾಗ ಅವಳ ತಂದೆ ಕಾಲೇಜಿಗೆ ಬಂದರು. “ಸರ, ಖರ್ಚಿನ ಮಾತಲ್ರಿ. ಕಾಲು ಕೊಯ್ಸಿದ ಹುಡುಗಿ ಅಂದ್ರ ನಾಳೆ ಯಾರು ಕೇಳ್ತಾರ್ರಿ?” ಎಂದರು. ಅವರು ಕ್ರೂರಿಯಲ್ಲ, ಮಗಳನ್ನು ಕಬಡ್ಡಿಗೆ ಕಳುಹಿಸುವಷ್ಟು ಉದಾರಿ. ಕಡೆಗೆ ಅವಳ ತಾಯಿ ಗಟ್ಟಿ ನಿಂತಳು, ಶಸ್ತ್ರಕ್ರಿಯೆಯಾಯಿತು. ಆಮೇಲಿನ ತಿಂಗಳುಗಳಲ್ಲಿ ಈ ಹುಡುಗಿಗೆ ನೆರವಾದದ್ದು ಆರೋಗ್ಯ ಇಲಾಖೆಯ ಯಾವುದೂ ಅಲ್ಲ, ೨೦೨೩ರ ಜೂನ್ ತಿಂಗಳಿನಲ್ಲಿ ಆರಂಭವಾದ ಶಕ್ತಿ ಯೋಜನೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಾದುದರಿಂದ ವಾರಕ್ಕೆರಡು ಸಲ ಶಿರಸಿಗೆ ಹೋಗಿ ವ್ಯಾಯಾಮ ಕಲಿತು ಬಂದಳು. ಅದೇ ವರ್ಷ ಬಿದ್ದ ಅವಳ ಊರಿನ ಹುಡುಗನೊಬ್ಬ ಬಸ್ಸಿನ ಹಣ ಮತ್ತು ಅರ್ಧ ದಿನದ ಕೂಲಿ ಎರಡನ್ನೂ ಲೆಕ್ಕ ಹಾಕಿ ಮೂರನೆಯ ವಾರಕ್ಕೆ ನಿಲ್ಲಿಸಿದ. ಅವನ ತೊಡೆ ಇಂದಿಗೂ ಇನ್ನೊಂದರ ಗಾತ್ರಕ್ಕೆ ಬಂದಿಲ್ಲ.

ಇದರಿಂದ ನನಗೆ ತೋರುವುದು ಇಷ್ಟು. ದೊಡ್ಡ ಆಸ್ಪತ್ರೆ ಬೇಕು, ಬರಲಿ. ಆದರೆ ಅದು ಕುಮಟೆಯಲ್ಲಿ ಬಂದರೂ ಕಾರವಾರದಲ್ಲಿ ಬೆಳೆದರೂ ಈ ಮೊಣಕಾಲುಗಳ ಪಾಲಿಗೆ ಅದು ಮೂರು ದಿನಗಳ ಮಾತು. ಉಳಿದ ಇನ್ನೂರ ಎಪ್ಪತ್ತು ದಿನಗಳಿಗೆ ಬೇಕಾದುದು ಹಾಸಿಗೆಗಳ ಸಂಖ್ಯೆಯಲ್ಲ. ಬನವಾಸಿಯ ಆರೋಗ್ಯ ಕೇಂದ್ರದಂಥ ಕಡೆ ವಾರಕ್ಕೊಂದು ದಿನ ಬಂದು ಕೂರುವ ಒಬ್ಬ ಭೌತಚಿಕಿತ್ಸಕ, ಒಂದು ಚಾಪೆ, ಅಗಲವಾದ ಒಂದು ರಬ್ಬರ್ ಪಟ್ಟಿ. ಮಂಡಿ ಸವೆದ ಮುದುಕರಿಗೆ, ಲಕ್ವ ಹೊಡೆದವರಿಗೆ, ಅಡಕೆ ಮರದಿಂದ ಬಿದ್ದ ಕೊನೆಗಾರರಿಗೆ ಬೇಕಾದವನೂ ಅವನೇ. ಆಟಗಾರರಿಗಾಗಿ ಮಾತ್ರ ಕೇಳಿದರೆ ಯಾವ ಸರಕಾರವೂ ನಕ್ಕೀತು. ಇವರೆಲ್ಲರ ಪರವಾಗಿ ಕೇಳಿದರೆ ನಗುವುದು ಕಷ್ಟ.

ಪಂದ್ಯಾವಳಿಯ ಸಂಘಟಕರಿಗೂ ಒಂದು ಮಾತು. ದೀಪಕ್ಕೆ, ಮೈಕಿಗೆ, ಶಾಲು ಹಾರಗಳಿಗೆ, ಆಳೆತ್ತರದ ಟ್ರೋಫಿಗಳಿಗೆ ನೀವು ಚಂದಾ ಎತ್ತುತ್ತೀರಿ. ಆ ಪಟ್ಟಿಯಲ್ಲಿ ಗಾಯಗೊಂಡವರ ಬಸ್ಸಿನ ಖರ್ಚು ಎಂದು ಒಂದು ಸಾಲು ಸೇರಿಸುವುದು ಕಷ್ಟವಲ್ಲ. ಶಸ್ತ್ರಕ್ರಿಯೆಯಾಗಿ ಒಂಬತ್ತು ತಿಂಗಳು ತುಂಬದವನನ್ನು ಅಂಕಣಕ್ಕೆ ಇಳಿಸದಿರುವುದೂ ನಿಮ್ಮ ಕೈಯಲ್ಲೇ ಇದೆ. ಅಂಕ ಬರೆಯುವ ಮೇಜಿನ ಬಳಿ ಅವನಿಗೊಂದು ಕುರ್ಚಿ ಹಾಕಿ. ನನ್ನ ವಿದ್ಯಾರ್ಥಿನಿ ಈ ಸಲದ ಅಂತರಕಾಲೇಜು ಪಂದ್ಯಕ್ಕೆ ಹೋಗುವುದು ಹಾಗೆಯೇ, ಅಂಕ ಬರೆಯುವವಳಾಗಿ. ಅವಳ ಲೆಕ್ಕದಲ್ಲಿ ಇನ್ನು ಎಂಟು ವಾರ ಉಳಿದಿವೆ.