ಅಟ್ಟದ ಮೇಲಿನ ಕಟ್ಟುಗಳು

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಮಾನ್ಯ ಅಧ್ಯಕ್ಷರಿಗೆ,

ನಮ್ಮ ಸೀನಿಯರ್ ತೀರಿಕೊಂಡು ವರ್ಷವಾಯಿತು. ತಾಲ್ಲೂಕು ಕೋರ್ಟಿನಲ್ಲಿ ನಲವತ್ತು ವರ್ಷ ಸಿವಿಲ್ ಕೇಸು ನಡೆಸಿದವರು. ಕಾಗದ ಬಿಸಾಡಿ ಗೊತ್ತಿಲ್ಲ. ಮದುವೆ ಕರೆಯೋಲೆಯ ಹಿಂಬದಿಯಲ್ಲೂ ವಾದದ ಟಿಪ್ಪಣಿ ಬರೆಯುತ್ತಿದ್ದರು. ಬಾಡಿಗೆ ಕಚೇರಿ ಬಿಟ್ಟುಕೊಡಲು ನಾನು ಅಟ್ಟ ಹತ್ತಿದಾಗ ಗುಜರಿಯವನು ಕೆಳಗೆ ತಕ್ಕಡಿ ಹಿಡಿದು ನಿಂತಿದ್ದ.

ಕಡತಗಳ ಮೊದಲ ಕಟ್ಟಿನಲ್ಲಿ ಅರ್ಧ ಗೆದ್ದಲಿನ ಪಾಲು. ಉಳಿದದ್ದು ಒಬ್ಬ ಹೆಂಗಸಿನ ಜೀವನಾಂಶದ ಅರ್ಜಿ, ಗಂಡ ಬರೆದ ಪತ್ರಗಳು, ಆಸ್ಪತ್ರೆಯ ಚೀಟಿ. ಎರಡನೆಯದರಲ್ಲಿ ಅಸಲು ಕ್ರಯಪತ್ರವೇ ಇತ್ತು. ಕೊನೆಯ ಹಾಳೆಯಲ್ಲಿ ನೀಲಿ ಹೆಬ್ಬೆಟ್ಟು, ಗೆರೆ ಎಣಿಸುವಷ್ಟು ಸ್ಪಷ್ಟ. ಗುಜರಿಯವನನ್ನು ವಾಪಸ್ ಕಳಿಸಿದೆ.

ಆಮೇಲೆ ಇಂಥ ಕಡತಗಳಿಗಿರುವ ನಿಯಮ ಹುಡುಕಲು ಕೂತೆ. ಕೋರ್ಟಿನ ದಾಖಲೆ ನಾಶಪಡಿಸಲು 1917ರ ಕಾಯ್ದೆಯೇ ಇದೆ. ಕಕ್ಷಿದಾರರ ದುಡ್ಡಿಗೆ ಲೆಕ್ಕವಿಡಿ ಎನ್ನುತ್ತವೆ ನಮ್ಮ ನಡತೆಯ ನಿಯಮಗಳು. ಫೀಸು ಬಾಕಿ ಎಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಕಕ್ಷಿದಾರ ಹೇಳಿದ ಗುಟ್ಟು ಕೇಸು ಮುಗಿದ ಮೇಲೂ ಗುಟ್ಟೇ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ, 2023ರ ಹೊಸದರಲ್ಲೂ ಹಾಗೇ. ಆದರೆ ಕೇಳಿಕೊಂಡು ಬಾರದವರ ಕಡತ ಎಷ್ಟು ವರ್ಷ ಇಡಬೇಕು, ಹೇಗೆ ನಾಶಮಾಡಬೇಕು, ವಕೀಲ ಸತ್ತರೆ ಅದು ಯಾರ ವಶಕ್ಕೆ ಹೋಗಬೇಕು? ನನ್ನ ಕಣ್ಣಿಗೆ ಒಂದು ಸಾಲೂ ಬೀಳಲಿಲ್ಲ.

ಎಲ್ಲದಕ್ಕೂ ಒಂದೇ ಅವಧಿ ಗೊತ್ತುಮಾಡಿದರೆ ಸಾಲದು, ಸ್ವಾಮಿ. ಸಾಮಾನ್ಯ ಡಿಕ್ರಿಯ ಅಮಲ್ಜಾರಿಗೆ 12 ವರ್ಷ; ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿಗೆ ಕಾಲಮಿತಿಯೇ ಇಲ್ಲ. ಬೇಲಿ ಜಗಳದ ಕಟ್ಟನ್ನು ಮೊಮ್ಮಗ ಬಂದು ಕೇಳಿದರೂ ಕೇಳಿಯಾನು. ಚೆಕ್ ಬೌನ್ಸ್ ಕೇಸಿನದನ್ನು ಯಾರು ಕೇಳುತ್ತಾರೆ?

ನಡತೆಯ ನಿಯಮ ಮಾಡುವುದು ದೆಹಲಿಯ ಭಾರತೀಯ ವಕೀಲರ ಪರಿಷತ್ತು ಎಂಬುದು ಗೊತ್ತು. ಅಲ್ಲಿಗೆ ತಾವು ಬರೆಯಬಹುದು. ಅಲ್ಲಿಯವರೆಗೆ ಒಂದು ಮಾದರಿ ಸುತ್ತೋಲೆಯನ್ನಾದರೂ ಹೊರಡಿಸಬಹುದು. ಕೇಸು ಮುಗಿದ ದಿನವೇ ಅಸಲು ಪತ್ರಗಳನ್ನು ಸಹಿ ಪಡೆದು ಹಿಂದಿರುಗಿಸುವ ರೂಢಿ ಅದರಿಂದ ಬಂದರೂ ಅಟ್ಟದ ಅರ್ಧ ಭಾರ ಇಳಿಯುತ್ತದೆ. ಉಳಿದದ್ದು ಗುಜರಿಗೆ ಹೋಗದೆ ಚೂರುಮಾಡುವ ಯಂತ್ರಕ್ಕೆ ಹೋಗಲಿ. ಪ್ರತಿ ವಕೀಲರ ಸಂಘದಲ್ಲೂ ಅಂಥದೊಂದು ಯಂತ್ರವಿಡುವುದು ದೊಡ್ಡ ಖರ್ಚೇನಲ್ಲ.

ಕ್ರಯಪತ್ರದ ಮಾಲೀಕರಿಗೆ ದಾವೆಯಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ ಟಪಾಲು ಹಾಕಿದ್ದೆ. ‘ವಿಳಾಸದಾರರು ಇಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿತು. ಆ ಲಕೋಟೆಯನ್ನೂ ಅದೇ ಕಟ್ಟಿಗೆ ಸೇರಿಸಿ ಕಟ್ಟಿಟ್ಟಿದ್ದೇನೆ. ಈಗ ಅದು ನಮ್ಮ ಮನೆಯ ಮಂಚದಡಿ ಇದೆ.

ಇತಿ,
ತಾಲ್ಲೂಕು ಕೋರ್ಟಿನ ಒಬ್ಬ ವಕೀಲ