ತಂಡ ಕಟ್ಟಿದ್ದು ಸಾಕು, ಆಟಗಾರರನ್ನು ಬೆಳೆಸಿ

2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಪುರುಷರ ಹಾಕಿ ತಂಡದಲ್ಲಿ ನಮ್ಮ ರಾಜ್ಯದ ನಾಲ್ವರಿದ್ದರು: ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ಎಸ್.ವಿ. ಸುನಿಲ್, ನಿಕಿನ್ ತಿಮ್ಮಯ್ಯ. ನಾಲ್ವರೂ ಕೊಡಗಿನವರೇ. ಟೋಕಿಯೊದಲ್ಲಿ 41 ವರ್ಷಗಳ ಬರ ನೀಗಿ ಕಂಚು ಬಂದಾಗ ಆ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. 2024ರ ಪ್ಯಾರಿಸ್ ತಂಡದಲ್ಲೂ ಇಲ್ಲ. ಆಯ್ಕೆದಾರರನ್ನು ಬೈಯುವುದು ಸುಲಭ. ಅವರ ಮುಂದೆ ನಿಲ್ಲಿಸಲು ನಾವು ಯಾರನ್ನು ಬೆಳೆಸಿದ್ದೇವೆ?

ಕೊಡಗಿನ ಪಾಡೇ ಹೀಗಿರುವಾಗ ಕೋಲಾರದವರಾದ ನಮ್ಮನ್ನು ಕೇಳುವವರಾರು ಎನ್ನಬೇಡಿ. ಹಾಕಿ ನಮಗೆ ಹೊರಗಿನದಲ್ಲ. ಚಿನ್ನದ ಗಣಿ ಇದ್ದ ಕಾಲದ ಕೆಜಿಎಫ್‌ನಲ್ಲಿ ಆಂಗ್ಲೋ-ಇಂಡಿಯನ್ ಹುಡುಗರೂ ಕಾರ್ಮಿಕರ ಮಕ್ಕಳೂ ಆಡಿದ ಆಟ ಇದು. 2001ರ ಫೆಬ್ರವರಿಯಲ್ಲಿ ಗಣಿಗೆ ಬೀಗ ಬಿತ್ತು. ಚಿನ್ನ ಹೋಯಿತೆಂದು ಇಂದಿಗೂ ಗೋಳಾಡುತ್ತೇವೆ, ಆಟ ಹೋದದ್ದಕ್ಕೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಈಗ ನಡೆಯುವುದೇನು? ಕ್ರೀಡಾಕೂಟದ ಸುತ್ತೋಲೆ ಬಂದ ಮೇಲೆ ತಂಡ ಹುಟ್ಟುತ್ತದೆ. ಕಬಡ್ಡಿಯಲ್ಲಿ ಚುರುಕಾದವನ ಕೈಗೆ ಟೇಪು ಸುತ್ತಿದ ಎರವಲು ಸ್ಟಿಕ್ ಬರುತ್ತದೆ. ನಮ್ಮ ಗರಸು ನೆಲದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೋ ಹೇಳಲಾಗದು. ಮೊಣಕಾಲಿಗೆ ಬಿದ್ದೀತೆಂಬ ಭಯಕ್ಕೆ ಹುಡುಗಿ ನೆಟ್ಟಗೆ ನಿಂತೇ ಚೆಂಡು ತಡೆಯಲು ಕಲಿಯುತ್ತಾಳೆ. ಅದೇ ಹುಡುಗಿಯನ್ನು ಟರ್ಫ್ ಮೇಲೆ ಆಯ್ಕೆಗೆ ನಿಲ್ಲಿಸಿದರೆ, ಸೊಂಟ ಬಗ್ಗಿಸಿ ಸ್ಟಿಕ್ಕನ್ನು ನೆಲಕ್ಕೊರಗಿಸುವ ಹೊತ್ತಿಗೆ ಚೆಂಡು ದಾಟಿರುತ್ತದೆ. ‘ಈಕೆಗೆ ಬೇಸಿಕ್ಸ್ ಇಲ್ಲ’ ಎಂದು ಬರೆದು ಕಳಿಸುತ್ತಾರೆ. ಯಾರು ಕಲಿಸಿದ್ದರು, ಇರಲಿಕ್ಕೆ? 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದಾಗ ವಿಶ್ವಕಪ್ ಗೆದ್ದು ಬಂದಿದ್ದ ಭಾರತವೇ ಏಳನೇ ಸ್ಥಾನಕ್ಕೆ ಕುಸಿದಿತ್ತು. ಹಳ್ಳಿಯ ಮಗು ಒಂದೇ ದಿನದಲ್ಲಿ ಒಗ್ಗಿಕೊಳ್ಳಬೇಕೇ?

ಕೈಬಿಟ್ಟವರಿಗೆ ಕಾರಣ ಹೇಳುವ ಪದ್ಧತಿಯೂ ಇಲ್ಲ. ನೋಟಿಸ್ ಬೋರ್ಡಿನಲ್ಲಿ ಹೆಸರಿಲ್ಲ, ಅಷ್ಟೆ. ಮುಂದಿನ ವರ್ಷ ಆ ಮಗು ಮೈದಾನಕ್ಕೆ ಬರುವುದಿಲ್ಲ. ಶ್ರೀನಿವಾಸಪುರದ ಮಾವು ಬೆಳೆಗಾರ ಸಸಿ ನೆಟ್ಟ ವರ್ಷವೇ ಹಣ್ಣು ಕೇಳುವುದಿಲ್ಲ. ನಾವು ಮಾತ್ರ ವಾರದ ತಾಲೀಮಿಗೆ ಟ್ರೋಫಿ ಕೇಳುತ್ತೇವೆ.

ಬಿದಿರಿನ ಕೋಲಿನಲ್ಲಿ ಆಡುತ್ತಾ ಬೆಳೆದ ಸುನಿಲ್ ಎರಡು ಒಲಿಂಪಿಕ್ಸ್ ಆಡಿದರು. ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರನ್ನು ಕಂಡರೆ ನನಗೆ ಸಿಟ್ಟು. ಬಡತನವೇ ತರಬೇತುದಾರ ಎಂದಾದರೆ ಮುಳಬಾಗಿಲಿನಿಂದ ಇಷ್ಟರಲ್ಲಿ ಹತ್ತು ಒಲಿಂಪಿಯನ್ನರು ಬರಬೇಕಿತ್ತು.

ರಾಷ್ಟ್ರೀಯ ತಂಡಗಳ ಶಿಬಿರ ನಡೆಯುವುದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ. ಮಾಲೂರಿನವರು ದಿನಾ ರೈಲು ಹತ್ತಿ ಕೆಲಸಕ್ಕೆ ಹೋಗುವ ಊರು ಅದು. ತಿಂಗಳಿಗೊಮ್ಮೆ ಮಕ್ಕಳನ್ನು ಕರೆದೊಯ್ದು ಅಭ್ಯಾಸ ತೋರಿಸಲು ಅನುಮತಿ ಕೇಳುವುದು ಅಷ್ಟು ಕಷ್ಟವೇ? ನರಸಾಪುರ, ಮಾಲೂರು, ವೇಮಗಲ್‌ನ ಕಾರ್ಖಾನೆಗಳೇ, ಕಾನೂನಿನಂತೆ ಸಮಾಜಕ್ಕೆ ಎತ್ತಿಡುವ ಲಾಭದ ಶೇ 2ರಲ್ಲಿ ಒಂದು ಪಾಲನ್ನು ಈ ಮಕ್ಕಳ ಆಟಕ್ಕೆ ಕೊಡಿ. ಪೂರ್ಣ ಟರ್ಫ್‌ಗೆ ಕೋಟಿಗಳು ಬೇಕು, ನಿಜ. ಐವರ ಹಾಕಿಗೆ ಸಣ್ಣ ಅಂಗಳ ಸಾಕು. ಅದರಲ್ಲಿ 2024ರಲ್ಲಿ ವಿಶ್ವಕಪ್ಪೇ ನಡೆದಿದೆ.

ಕೆಜಿಎಫ್‌ನ ಹಳೆಯ ಆಟಗಾರರೇ, ಮೊಣಕಾಲು ನೋವೆಂದು ಮನೆಯಲ್ಲಿ ಕೂರಬೇಡಿ, ಭಾನುವಾರ ಒಂದು ಶಾಲೆಗೆ ಬನ್ನಿ. ದೈಹಿಕ ಶಿಕ್ಷಕರೇ, ಸುತ್ತೋಲೆಗೆ ಕಾಯದೆ ಜೂನ್‌ನಲ್ಲೇ ಮಕ್ಕಳ ಪಟ್ಟಿ ಮಾಡಿ. ಬಿಟ್ಟವರ ಹೆಸರಿನ ಮುಂದೆ ಕಾರಣ ಬರೆದು ಅವರ ಕೈಗೇ ಕೊಡಿ. ಅಪ್ಪ-ಅಮ್ಮಂದಿರೇ, ಮುಂದಿನ ಆಯ್ಕೆಯ ದಿನ ಮೈದಾನಕ್ಕೆ ಹೋಗಿ ನಿಂತು ಕೇಳಿ: ನನ್ನ ಮಗುವಿಗೆ ಈ ವರ್ಷ ಏನು ಕಲಿಸಿದಿರಿ?