ಸಂಸಾರಕ್ಕೊಂದು ಕಾರು



ಒಂದು ಕಾಲಕ್ಕೆ ಕಾರೆಂಬುದು ಸಾಹುಕಾರರ ಮನೆಯ ಮುಂದೆ ಮಾತ್ರ ನಿಲ್ಲುವ ವಸ್ತುವಾಗಿತ್ತು. ಈಗ ಶಾಲಾ ಶಿಕ್ಷಕರು, ಕಿರಾಣಿ ಅಂಗಡಿಯವರು, ಹತ್ತೆಕರೆ ಒಕ್ಕಲುತನವುಳ್ಳವರು ಸಹ ಅದರ ವಿಚಾರ ಮಾಡುತ್ತಿದ್ದಾರೆ. ಮಠದ ಅಂಗಳದಲ್ಲಿ ಬೆಳೆದ ನಮ್ಮಂಥವರಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರು ನಗಬಹುದು. ಆದರೆ ಗೃಹಸ್ಥನೊಬ್ಬನು ಐದಾರು ವರ್ಷಗಳ ದುಡಿಮೆಯನ್ನು ಒಂದೇ ವಸ್ತುವಿನ ಮೇಲೆ ಇಡುವಾಗ ಅದು ಕಾಯಕದ ಪ್ರಶ್ನೆಯೇ ಆಗುತ್ತದೆ.

ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚಾಗಿ ಮಾತಿಗೆ ಬರುವುದು ಹಿಂದೆ ಪ್ರತ್ಯೇಕ ಡಿಕ್ಕಿಯುಳ್ಳ ಚಿಕ್ಕ ಸೆಡಾನ್ ಕಾರು. ಇದರ ಆಕಾರಕ್ಕೆ ಕಾರಣವಾದದ್ದು ತೆರಿಗೆ. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿನೊಳಗಿನ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಲಾಯಿತು. ಪೆಟ್ರೋಲ್ ಎಂಜಿನ್ 1200 ಸಿ.ಸಿ., ಡೀಸೆಲ್ 1500 ಸಿ.ಸಿ. ಮೀರಬಾರದೆಂಬ ನಿಬಂಧನೆಯೂ ಇತ್ತು. ಅದಕ್ಕೆ ಹೊಂದುವಂತೆ ಟಾಟಾದವರು 2008ರಲ್ಲಿ ಇಂಡಿಗೊ ಸಿ.ಎಸ್. ತಂದರು. ಅದೇ ವರ್ಷ ಬಂದ ಮಾರುತಿಯ ಡಿಸೈರ್ ನಾಲ್ಕು ಮೀಟರಿಗಿಂತ ಉದ್ದವಿತ್ತು. 2012ರಲ್ಲಿ ಅದರ ಬಾಲವನ್ನೂ ಮೊಟಕುಗೊಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಜಿ.ಎಸ್.ಟಿ. ಶೇ. 18ಕ್ಕೆ ಇಳಿದಿದೆ. ಅಂಗಡಿಯ ಬೆಲೆಯೇ ಕೊನೆಯ ಬೆಲೆಯಲ್ಲವೆಂಬುದು ನೆನಪಿರಲಿ. ನಮ್ಮ ರಾಜ್ಯದ ಜೀವಾವಧಿ ತೆರಿಗೆ, ಅದರ ಮೇಲಿನ ಉಪಕರ, ವಿಮೆ ಇವೆಲ್ಲ ಕೂಡಿದ ಮೇಲೆ ದೊರೆಯುವ ಮೊತ್ತವನ್ನು ಕಾಗದದ ಮೇಲೆ ಬರೆಯಿಸಿಕೊಂಡೇ ಮುಂದಿನ ಮಾತು ಆಡಬೇಕು.

ಉದಾಹರಣೆಗೆ 2024ರ ನವೆಂಬರಿನಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಡಿಸೈರನ್ನೇ ತೆಗೆದುಕೊಳ್ಳೋಣ. ಉದ್ದ 3995 ಮಿ.ಮೀ., ಡಿಕ್ಕಿ 382 ಲೀಟರ್, ಮೂರು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್. ಗೇರ್ ಹಾಕಿ ನಡೆಸುವ ಬಗೆಯದು ಲೀಟರಿಗೆ 24.79 ಕಿ.ಮೀ. ಓಡುವುದೆಂದು ಕಂಪನಿಯ ಹೇಳಿಕೆ. ಹುಬ್ಬಳ್ಳಿಯ ಪೇಟೆಯಲ್ಲಿ ಅಷ್ಟು ದೊರೆಯಲಾರದು. 17-18 ಎಂದು ಲೆಕ್ಕ ಹಿಡಿದವನು ನಿರಾಶನಾಗನು. ತಿಂಗಳಿಗೆ 600 ಕಿ.ಮೀ. ಓಡಾಟವಿದ್ದರೆ ಪೆಟ್ರೋಲನ್ನು ನೂರು ರೂಪಾಯಿಯೆಂದು ಹಿಡಿದರೂ ಮೂರು ಸಾವಿರದ ಮುನ್ನೂರಕ್ಕೆ ಕಡಿಮೆಯಾಗದು. ಹೋಂಡಾ ಅಮೇಜ್‌ನ ಎಂಜಿನ್ ನಾಲ್ಕು ಸಿಲಿಂಡರಿನದು, ಡಿಕ್ಕಿಯೂ 416 ಲೀಟರಿನದು. ಹ್ಯುಂಡೈ ಔರಾ, ಟಾಟಾ ಟಿಗೋರ್ ಸಹ ಇದೇ ಗುಂಪಿನವು. ಇವುಗಳಲ್ಲಿ ತೀರ ಕೆಟ್ಟದ್ದೆಂದು ತಳ್ಳಿಹಾಕಬಹುದಾದದ್ದು ಯಾವುದೂ ಇಲ್ಲ. ಹೀಗಿರುವಾಗ ಪರೀಕ್ಷೆಗೆ ಒಳಪಡಬೇಕಾದುದು ಕಾರಿಗಿಂತ ಹೆಚ್ಚಾಗಿ ನಮ್ಮ ಮನೆಯ ಅಗತ್ಯ.

ಮೊದಲನೆಯದಾಗಿ, ಕಾರು ನೋಡಲು ಹೋಗುವಾಗ ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಮಗ, ಮಗನ ಗೆಳೆಯ ಇಬ್ಬರೇ ಹೋಗಿ ಮುಂಗಡ ಕೊಟ್ಟು ಬರುವ ಪದ್ಧತಿ ಬೆಳೆಯುತ್ತಿದೆ. ಈ ಕಾರುಗಳ ಆಸನ ತಗ್ಗು, ಹಿಂದಿನ ಛಾವಣಿ ಇಳಿಜಾರು. ಮೊಣಕಾಲು ನೋವುಳ್ಳ ತಾಯಿಯವರು ಒಳಗೆ ಕೂಡ್ರುವಾಗ ತಲೆ ಬಗ್ಗಿಸಬೇಕು, ಏಳುವಾಗ ಕೈ ಊರಲು ಏನಾದರೂ ಬೇಕು. ಅವರು ಎರಡು-ಮೂರು ಸಲ ಕುಳಿತೆದ್ದು 'ಆಗಬಹುದು' ಎಂದರೆ ಮಾತ್ರ ಅದು ಆ ಮನೆಯ ಕಾರು. ಅವರಿಗೆ ಆಗದಿದ್ದರೆ ಅದೇ ಬೆಲೆಯ ಎತ್ತರದ ಕಾರನ್ನು ನೋಡುವುದೇ ಲೇಸು. ಹಿಂದಿನ ಆಸನದಲ್ಲಿ ಮೂವರು ದೊಡ್ಡವರು ಧಾರವಾಡದಿಂದ ಕೂಡಲಸಂಗಮದವರೆಗೆ ಸುಖವಾಗಿ ಕೂಡ್ರಲಾರರು. ಇಬ್ಬರು ದೊಡ್ಡವರು, ಒಂದು ಮಗು ಎಂಬುದೇ ಸರಿಯಾದ ಲೆಕ್ಕ. ಉಳವಿಯ ಜಾತ್ರೆಗೆ ಇಂದಿಗೂ ಚಕ್ಕಡಿ ಹೂಡಿಕೊಂಡು ಹೋಗುವ ಭಕ್ತರಿದ್ದಾರೆ. ಅವರಿಗೆ ಈ ಚಿಂತೆಯಿಲ್ಲ. ಐದು ಜನ ತುಂಬಿಕೊಂಡು ಕಾರಿನಲ್ಲಿ ಹೋಗುವವರು ರಸ್ತೆಯುಬ್ಬುಗಳ ಮೇಲೆ ನಿಧಾನಿಸಬೇಕು, ಡಿಸೈರಿನ ತಳ ನೆಲದಿಂದ 163 ಮಿ.ಮೀ. ಮಾತ್ರ ಎತ್ತರದಲ್ಲಿದೆ.

ಸಿ.ಎನ್.ಜಿ. ಅಗ್ಗವೆಂದು ಅನೇಕರು ಅದರತ್ತ ಒಲಿಯುತ್ತಾರೆ. ದಿನವೂ ದೂರ ಓಡಾಡುವವರಿಗೆ ಅದು ನಿಜ. ಆದರೆ ಡಿಸೈರಿನಲ್ಲಿ ಅನಿಲದ ಸಿಲಿಂಡರು ಡಿಕ್ಕಿಯ ಬಹುಭಾಗವನ್ನು ನುಂಗುತ್ತದೆ. ಡಿಕ್ಕಿಗಾಗಿಯೇ ಸೆಡಾನ್ ಕೊಂಡವನು ಗಂಟುಮೂಟೆಗಳನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾಗುತ್ತದೆ. ಟಿಗೋರಿನಲ್ಲಿ ಎರಡು ಚಿಕ್ಕ ಸಿಲಿಂಡರುಗಳನ್ನು ಕೆಳಗೆ ಅಡಕಿಸುವ ಏರ್ಪಾಟು ಬಂದಿದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಕಡ್ಡಾಯ. ನಿಮ್ಮೂರಿನ ಹತ್ತಿರ ಅನಿಲ ತುಂಬುವ ಬಂಕ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿರಿ.

ಒಂದೇ ಕಾರಿನಲ್ಲಿ ನಾಲ್ಕು ದರ್ಜೆಗಳಿರುತ್ತವೆ. ಕೆಳಗಿನದನ್ನು ನೋಡಲು ಹೋದವರಿಗೆ ಛಾವಣಿಯಲ್ಲಿ ಕಿಟಕಿಯುಳ್ಳ ಮೇಲಿನದನ್ನು ತೋರಿಸುವುದು ಮಾರುವವರ ಜಾಣ್ಮೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಕಳುಹಿಸಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಷೋರೂಮಿನಲ್ಲಿ ಅದನ್ನು ನೆನೆಯುವವರು ವಿರಳ! ಡಿಸೈರಿನಲ್ಲಿ ಆರು ಏರ್‌ಬ್ಯಾಗುಗಳು ಎಲ್ಲ ದರ್ಜೆಗಳಲ್ಲಿಯೂ ಇವೆ. ಪ್ರಾಣರಕ್ಷಣೆಗೆಂದು ಮೇಲಿನ ದರ್ಜೆಗೆ ಹೋಗುವ ಕಾರಣವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಸಾಧಾರಣ ಕುಟುಂಬಕ್ಕೆ ಎರಡನೆಯ ದರ್ಜೆ ಸಾಕು.

ಸಾಲದ ಮಾತು ಇನ್ನೂ ಗಂಭೀರವಾದುದು. 5 ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 10,380 ರೂ. ಏಳು ವರ್ಷಕ್ಕೆ ಎಳೆದರೆ 8,045ಕ್ಕೆ ಇಳಿಯುತ್ತದೆ. ಇಳಿದ ಕಂತನ್ನು ಕಂಡು ಹಿಗ್ಗುವವರು ಒಟ್ಟು ಬಡ್ಡಿ 1.23 ಲಕ್ಷದಿಂದ 1.76 ಲಕ್ಷಕ್ಕೆ ಏರಿದ್ದನ್ನು ಕಾಣುವುದಿಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟ ಠೇವಣಿಯನ್ನು ಮುರಿದು ಕಾರಿಗೆ ಮುಂಗಡ ಕಟ್ಟಿದ ಮನೆಯೊಂದನ್ನು ನಾವು ಬಲ್ಲೆವು. ಆ ಹುಡುಗಿ ಒಂದು ವರ್ಷ ಮನೆಯಲ್ಲಿಯೇ ಕುಳಿತಳು. ಇಂಥ ಕಾರು ಬಾಗಿಲ ಮುಂದಿದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು? ಎರಡು ವರ್ಷ ತಡೆದು, ಅರ್ಧಕ್ಕಿಂತ ಹೆಚ್ಚು ಹಣ ಕೈಯಲ್ಲಿಟ್ಟುಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ.

ಇನ್ನು ರಕ್ಷಣೆಯ ವಿಚಾರ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಈ ಡಿಸೈರಿಗೆ ದೊಡ್ಡವರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ನಾಲ್ಕು ನಕ್ಷತ್ರಗಳು ದೊರೆತಿವೆ. ಆ ನಕ್ಷತ್ರಗಳು ಬೆಲ್ಟ್ ಕಟ್ಟಿಕೊಂಡವರಿಗೆ ಮಾತ್ರ ಸಲ್ಲತಕ್ಕವು. ಉದ್ಯಮಿ ಸೈರಸ್ ಮಿಸ್ತ್ರಿಯವರು 2022ರಲ್ಲಿ ಅಪಘಾತಕ್ಕೆ ಈಡಾದಾಗ ಐಷಾರಾಮಿ ಕಾರಿನ ಹಿಂದಿನ ಆಸನದಲ್ಲಿದ್ದರು, ಬೆಲ್ಟ್ ಕಟ್ಟಿರಲಿಲ್ಲ. ನಮ್ಮಲ್ಲಿ ಹೊಸ ಕಾರಿನ ಗಾಲಿಗೆ ನಿಂಬೆಹಣ್ಣು ಇಡುವುದಕ್ಕೆ ತೋರುವ ಶ್ರದ್ಧೆಯನ್ನು ಬೆಲ್ಟಿಗೆ ತೋರುವವರು ಕಡಿಮೆ. ರಾಹುಕಾಲ ನೋಡಿ ಕಾರು ಹೊರಡಿಸುವುದು ಲಿಂಗವಂತರಿಗೆ ತಕ್ಕ ನಡೆಯಲ್ಲವೆಂದು ಹಿಂದೆಯೂ ಹೇಳಿದ್ದೇವೆ.

ಕಾರು ಮನೆಗೆ ಬಂದ ದಿನವೇ ದಪ್ಪನೆಯ ಸೀಟ್ ಕವರು ಹಾಕಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಮುಂದಿನ ಆಸನಗಳ ಪಕ್ಕದಲ್ಲಿ ಏರ್‌ಬ್ಯಾಗು ಅಡಗಿರುತ್ತದೆ. ಸಾದಾ ಕವರು ಅದರ ಬಾಯಿಯನ್ನೇ ಮುಚ್ಚುತ್ತದೆ. ಹಿಂದಿನ ಬೆಲ್ಟುಗಳ ಕೊಂಡಿಗಳೂ ಕವರಿನ ಅಡಿಯಲ್ಲಿ ಹೂತುಹೋಗುತ್ತವೆ. ಅಂಥ ಕವರಿದ್ದರೆ ತೆಗೆಯಿಸಿರಿ, ಕೊಂಡಿಗಳನ್ನು ಹೊರಗೆಳೆದು ಮೂರೂ ಬೆಲ್ಟುಗಳನ್ನು ಮನೆಯವರೆಲ್ಲರಿಗೂ ಒಮ್ಮೆ ಕಟ್ಟಿಸಿ ನೋಡಿರಿ. ಮೊಮ್ಮಗುವನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಮುಂದಿನ ಆಸನದಲ್ಲಿ ಕೂಡ್ರುವ ಅಜ್ಜನವರಿಗೆ ಹಿಂದಿನ ಆಸನವನ್ನು ತೋರಿಸಿರಿ. ಮಗುವಿಗೆ ಅದರದೇ ಆದ ಪುಟ್ಟ ಆಸನವನ್ನು ಕಾರಿನೊಂದಿಗೇ ಕೊಂಡುತನ್ನಿರಿ.